ಬಿಸಿಲು ಕಂಡ ಕೌದಿ

ಹೋದ ವಾರ ರವಿಕೆ ತರಲೆಂದು ಟೈಲರ್ ಅಂಗಡಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ರವಿಕೆಯ ಜೊತೆಗೆ ಪುಟ್ಟದೊಂದು ಪ್ಲಾಸ್ಟಿಕ್ ಕವರನ್ನೂ ನನ್ನ ಕೈಗಿಟ್ಟಳು. ಒಳಗೆ ಅಂಗೈ ಅಗಲದ ಹಸಿರು ಬಟ್ಟೆ ಚೂರು. "ಉಳಿದಿದ್ದು ಅಜ್ಜಿ, ನಿಮ್ದೇ" ಅಂದಳು. ನಾನು ಅದನ್ನು ನೋಡಿ ಮೊದಲು ನಕ್ಕೆ, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡೆ. ಹುಡುಗಿ ಹೆದರಿಬಿಟ್ಟಳು. "ಯಾಕಜ್ಜಿ, ತೋಳು ಟೈಟಾಯ್ತಾ? ಬಿಚ್ಚಿ ಕೊಡ್ಲಾ?" ಪಾಪ, ಅವಳಿಗೇನು ಗೊತ್ತು! ನಿಮಗೆ ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ. ನನ್ನ ಮಾತು ನಮ್ಮ ಹಳೇ ಬೀರೂರು ರೈಲಿನ ಹಾಗೆ, ಸ್ಟೇಷನ್ ಇಲ್ಲದ ಕಡೆಯೂ ನಿಂತು ಹೊರಡುತ್ತದೆ.

ನಾನು ಅಜ್ಜಂಪುರದ ಕಡೆಯವಳು. ಮೇಷ್ಟ್ರ ಹೆಂಡತಿಯಾಗಿ ತರೀಕೆರೆಗೆ ಬಂದದ್ದು ಅರವತ್ತರ ದಶಕದ ಶುರುವಿನಲ್ಲಿ. ನಮ್ಮ ಮನೆಗೆ ಗೋಡೆ ಅಂಟಿಸಿಕೊಂಡಿದ್ದ ಮನೆಯಲ್ಲಿ ಟೈಲರ್ ಜ್ಞಾನಪ್ಪ ಮತ್ತು ಅವನ ಹೆಂಡತಿ ಮಾರ್ಥಮ್ಮ ಇದ್ದರು. ತಾತನ ಕಾಲದಿಂದ ಕ್ರೈಸ್ತರು. ನಾನು ಅವನನ್ನು ಜ್ಞಾನಣ್ಣ ಅನ್ನುತ್ತಿದ್ದೆ, ಅವನಿಗೆ ನಾನು ತಂಗ್ಯಮ್ಮ. ಕುಳ್ಳ ಆಸಾಮಿ, ಕೊರಳಲ್ಲಿ ಸದಾ ಅಳತೆ ಟೇಪು. ಬೆಳಗಿನಿಂದ ದೀಪ ಹಚ್ಚುವವರೆಗೂ ಅವನ ಮಿಷನ್ನು ಕಟಕಟ ಅನ್ನುತ್ತಿತ್ತು. ಆ ಸದ್ದನ್ನು ನಾನು ಶಪಿಸದ ದಿನವಿರಲಿಲ್ಲ.

ಜ್ಞಾನಣ್ಣನ ಹೊಲಿಗೆಯಲ್ಲಿ ದೋಷ ಹೇಳುವ ಹಾಗಿರಲಿಲ್ಲ. ಆದರೆ ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡನಂತೆ, ಇವನು ತಂಗ್ಯಮ್ಮನ ರವಿಕೆ ಬಟ್ಟೆಯನ್ನೂ ಬಿಡಲಿಲ್ಲ. "ಒಗೆದ್ರೆ ಕುಗ್ತದೆ ಕಣಮ್ಮ, ಕಾಲು ಗಜ ಜಾಸ್ತಿ ತಗೊಂಬಾ" ಅನ್ನುವನು. ಬಟ್ಟೆ ಕುಗ್ಗುತ್ತಿದ್ದದ್ದು ಒಗೆದಾಗಲ್ಲ, ಅವನ ಮನೆ ಹೊಸ್ತಿಲು ದಾಟಿದಾಗ. ನಮ್ಮ ಮನೆಯವರ ಅಂಗಿಗೆ ಜೇಬೇ ಇಡಲಿಲ್ಲ. ಕೇಳಿದರೆ, "ಬಟ್ಟೆ ಸಾಲ್ಲಿಲ್ಲ ಮೇಷ್ಟ್ರೇ, ನಿಮ್ದು ಅಗಲ ಬೆನ್ನು" ಅಂದನಂತೆ. ನಮ್ಮವರು ಅದನ್ನು ಹೊಗಳಿಕೆ ಎಂದು ತಿಳಿದು ಎದೆಯುಬ್ಬಿಸಿಕೊಂಡು ಮನೆಗೆ ಬಂದರು. ಅಲ್ಲಿಂದ ಮುಂದೆ ಪೆನ್ನು ಕಿವಿಯ ಮೇಲೆ, ಶಾಯಿ ಕೆನ್ನೆಯ ಮೇಲೆ. ನಾನು ಮದುವೆಯಾದದ್ದು ಅಂಥವರನ್ನು, ಏನು ಮಾಡುವುದು!

ಊರಿಗೆಲ್ಲ ಇದು ಗೊತ್ತಿತ್ತು. ಟೈಲರ್ ಎಂದ ಮೇಲೆ ಚೂರುಪಾರು ಹೋಗುವುದೇ ಎಂದು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಆ ಚೂರುಗಳೆಲ್ಲ ಏನಾಗುತ್ತಿದ್ದವು ಎಂಬುದು ಮಾತ್ರ ಗೊತ್ತಿರಲಿಲ್ಲ. ಮಾರ್ಥಮ್ಮ ಒಂದು ಕೌದಿ ಹೊಲಿಯುತ್ತಿದ್ದಾಳೆಂದು ಕೇಳಿದ್ದೆ, ಕಣ್ಣಲ್ಲಿ ಕಂಡಿರಲಿಲ್ಲ. ಒಗೆದರೂ ಒಳಮನೆಯಲ್ಲೇ ಹಗ್ಗ ಕಟ್ಟಿ ಒಣಗಿಸುವಳು. ಅವರ ಮತದಲ್ಲಿ ಕೌದಿಗೆ ಬಿಸಿಲು ತೋರಿಸಬಾರದೇನೋ ಎಂದುಕೊಂಡು ಗೌರವದಿಂದ ಸುಮ್ಮನಿದ್ದೆ. ನನ್ನ ಬುದ್ಧಿಗಿಷ್ಟು!

ಭಾನುವಾರ ಮಾರ್ಥಮ್ಮ ಮುಂದೆ, ಜ್ಞಾನಣ್ಣ ಆಕಳಿಸುತ್ತ ಹಿಂದೆ, ಹೀಗೆ ಪ್ರಾರ್ಥನೆಗೆ ಹೋಗುವರು. ಅವನಿಗೆ ಕೊನೆಯ ಬೆಂಚು ಖಾಯಂ. ಉಪದೇಶದ ಪ್ರಸಂಗ ಶುರುವಾದರೆ ಗೊರಕೆ, ಆಮೆನ್ ಅಂದಾಗ ಎಚ್ಚರ. ಒಂದು ಭಾನುವಾರ ಆ ಬೆಂಚಿನ ಕಾಲು ಮುರಿದಿತ್ತು. ಮುಂದಿನ ಸಾಲಿನಲ್ಲಿ ಕೂರಬೇಕಾಯಿತು. ಕಡೂರಿನಿಂದ ಸೈಕಲ್ ತುಳಿದು ಬಂದಿದ್ದ ಉಪದೇಶಿಗಳು ಇವನ ಮೂಗಿನ ನೇರಕ್ಕೇ ನಿಂತು, ಜನರನ್ನು ಸುಲಿದು ತಿನ್ನುತ್ತಿದ್ದ ಕುಳ್ಳ ಸುಂಕದವನ ಕಥೆ ಹೇಳಿದರು. ಆ ಕುಳ್ಳ ಯೇಸುವನ್ನು ನೋಡಲು ಮರ ಹತ್ತಿದನಂತೆ. ಯೇಸು ಮರದ ಕೆಳಗೇ ನಿಂತು, ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳುತ್ತೇನೆ ಅಂದನಂತೆ. ಕುಳ್ಳ ಕರಗಿಹೋಗಿ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂದನಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಮ್ಮ ಜ್ಞಾನಣ್ಣ ಹೆಗಲ ಮೇಲಿನ ಟೇಪನ್ನು ಮುಟ್ಟಿ ನೋಡಿಕೊಂಡನಂತೆ.

ಮಾರನೆಯ ದಿನ ಹಿತ್ತಿಲ ಗೋಡೆಯಾಚೆಯಿಂದ ಮಾರ್ಥಮ್ಮನ ಮುಖ ಮೂಡಿತು.

"ನಿಮ್ಮಣ್ಣ ಹೊಸ ಮನುಷ್ಯ ಆಗ್ಬಿಟ್ಟವ್ರೆ ಕಣೇ" ಅಂದಳು.

"ಒಳ್ಳೇದಲ್ವಾ ಮಾರ್ಥಕ್ಕಾ? ನೀನೇ ದಿನಾ ಪ್ರಾರ್ಥನೆ ಮಾಡ್ತಿದ್ದೆ."

"ಮಾಡ್ತಿದ್ದೆ. ಆದ್ರೆ ಹಳಬನ ಜತೆ ಹೆಂಗೋ ಹೊಂದ್ಕಂಡಿದ್ದೆ. ಈ ಹೊಸಬನ್ನ ಏನ್ಮಾಡ್ಲಿ? ಕೌದಿ ಬಿಚ್ಚಿ ಊರಿಗೆಲ್ಲ ಹಂಚ್ತೀನಿ ಅಂತವ್ನೆ! ನಾಲ್ಕರಷ್ಟಂತೆ! ಕದ್ದ ಒಂದರಷ್ಟು ಪೂರಾ ನನ್ನ ಕೌದೀಲಿ ಕೂತೈತೆ. ನನ್ನ ಮಕ್ಕಳು ಜ್ವರದಲ್ಲಿ ಅದನ್ನೇ ಹೊದ್ದು ಬೆವರಿದ್ದು ಕಣೇ. ಇವರ ಆತ್ಮ ಉಳಿಯೋಕೆ ನನ್ನ ಕೌದಿ ಸಾಯ್ಬೇಕಾ?"

ಹಾಗೆಂದವಳೇ ಒರಳುಕಲ್ಲು ಹತ್ತಿ, "ಹಿಡ್ಕೋ, ಬಚ್ಚಿಡು" ಎಂದು ಗಂಟೊಂದನ್ನು ಎಸೆದಳು. ನಾನು ಹಿಡಿಯಲಿಲ್ಲ. ಅದು ತಲೆಯ ಮೇಲೆ ಬಿತ್ತು.

ಒಳಗೆ ತಂದು ಬಿಡಿಸಿದೆ. ಅಯ್ಯೋ ದೇವರೇ! ಇಡೀ ತರೀಕೆರೆ ಅಲ್ಲಿ ಮಲಗಿತ್ತು. ಅಮಲ್ದಾರರ ಕರೀ ಕೋಟು, ಪೋಸ್ಟ್‌ಮ್ಯಾನ್ ಖಾಕಿ, ಶೆಟ್ಟರ ಸೊಸೆಯ ಹೂವಿನ ಅಚ್ಚಿನ ಚೀಟಿ ಬಟ್ಟೆ, ನಮ್ಮವರ ಜೇಬುಗಳು ಸಾಲಾಗಿ. ನಟ್ಟನಡುವೆ ನನ್ನ ಮದುವೆಯ ಹಸಿರು ರೇಷ್ಮೆ! ತರೀಕೆರೆಗೆ ಬಂದ ಹೊಸದರಲ್ಲಿ ಜ್ಞಾನಣ್ಣನಿಂದ ಹೊಲಿಸಿ, ತೋಳು ಗಿಡ್ಡವಾಯಿತೆಂದು ನಾನು ಅತ್ತಿದ್ದ ರವಿಕೆಯದು. ಮೈ ಉರಿದುಹೋಯಿತು. ಆದರೂ ಹಾಳಾದ್ದು ಎಷ್ಟು ಚೆಂದವಾಗಿತ್ತು ಅಂತೀರಿ! ನನ್ನ ಹಸಿರನ್ನು ಸೂರ್ಯಕಾಂತಿಯ ಹಾಗೆ ಕತ್ತರಿಸಿ ಮಧ್ಯಕ್ಕೆ ಕೂರಿಸಿದ್ದಳು. ಹಸಿರು ಸೂರ್ಯಕಾಂತಿ ಎಲ್ಲಿರುತ್ತದೆ ಎಂದು ಕೇಳಬೇಡಿ.

ಅಷ್ಟರಲ್ಲಿ ಬಾಗಿಲಲ್ಲಿ ಜ್ಞಾನಣ್ಣ. ನಾನು ಗಡಬಡಿಸಿ ಕೌದಿಯನ್ನು ಮಡಿಸಿ ಅದರ ಮೇಲೇ ಕೂತೆ. ಏಕಾಏಕಿ ಅರ್ಧ ಅಡಿ ಎತ್ತರವಾದೆ. ಅವನು ಗಮನಿಸಲಿಲ್ಲ, ತಲೆ ತಗ್ಗಿಸಿ ನಿಂತಿದ್ದ.

"ತಂಗ್ಯಮ್ಮ, ನಿನ್ನ ಮದ್ವೆ ರವಿಕೆ ಬಟ್ಟೆ ಕದ್ದಿದ್ದೆ. ಕ್ಷಮಿಸ್ಬೇಕು."

ಕದ್ದ ಮಾಲಿನ ಮೇಲೆ ಕೂತು ಕ್ಷಮಿಸುವುದು ಹೇಗೆ? "ಹೋಗ್ಲಿ ಬಿಡಣ್ಣ" ಎಂದು ತೊದಲಿದೆ.

"ಬಿಡೋಕಾಗಲ್ಲ ಕಣಮ್ಮ. ಆ ಕುಳ್ಳನ್ನ ಯೇಸು ಬಯ್ಯಲಿಲ್ಲ ನೋಡು. ಎಲ್ರೂ ಬಯ್ಯೋರೇ, ಇವನೊಬ್ಬ ನಿಮ್ಮನೇಗೆ ಬತ್ತೀನಿ ಅಂದ. ನನಗೆ ಅದೇ ತಾಗ್ತು. ನಮ್ಮನೇಗೂ ಬಂದ್ಬಿಟ್ರೆ? ರಾತ್ರಿ ಚಳಿ. ಹೊದೆಯೋಕೆ ಏನು ಕೊಡ್ಲಿ? ಆ ಕೌದೀನಾ?"

ನಗು ಬರಬೇಕಾದ ಮಾತು, ನನಗೆ ನಗು ಬರಲಿಲ್ಲ.

ಅಲ್ಲಿಂದ ಮನೆಮನೆಗೆ ಹೋಗಿ ತಪ್ಪೊಪ್ಪಿಕೊಂಡ. ಊರು ಕ್ಷಮಿಸುತ್ತದೆ ಎಂದುಕೊಂಡಿರಾ? ಗೊತ್ತಿದ್ದೂ ಸುಮ್ಮನಿದ್ದವರೆಲ್ಲ ಅವನು ಬಾಯಿಬಿಟ್ಟು ಹೇಳಿದ ಮೇಲೆ ಕೆಂಡವಾದರು. "ಇಷ್ಟು ದಿನ ಕದ್ದಿದ್ದಲ್ದೆ ಮನೇಗ್ ಬಂದು ಹೇಳ್ತಾನಲ್ಲ, ಎಷ್ಟು ಸೊಕ್ಕು!" ಎಂದು ಶೆಟ್ಟರ ಮನೆಯಾಕೆ ಕೂಗಾಡಿದಳು. ಬಟ್ಟೆಗಳೆಲ್ಲ ಪೇಟೆ ಬೀದಿಯ ಇನ್ನೊಬ್ಬ ಟೈಲರಿಗೆ ಹೋದವು. ಅವನೂ ಕದಿಯುತ್ತಿದ್ದ, ಆದರೆ ಮರ್ಯಾದಸ್ಥ, ಹೇಳುತ್ತಿರಲಿಲ್ಲ.

ಪಕ್ಕದ ಮನೆಯ ಮಿಷನ್ನು ನಿಂತುಹೋಯಿತು. ಅದನ್ನು ಶಪಿಸುತ್ತಿದ್ದ ನನಗೆ ಮಧ್ಯಾಹ್ನದ ನಿದ್ದೆ ಹಾರಿಹೋಯಿತು. ಕಟಕಟ ಇಲ್ಲದೆ ಬೇಳೆ ಎಷ್ಟು ಹೊತ್ತು ಬೆಂದಿದೆ ಎಂಬುದೇ ತಿಳಿಯದೆ ಸಾರು ಕೆಟ್ಟಿತು. ಅವರ ಮನೆಯಲ್ಲಿ ಸಾರಿಗೇ ದಿಕ್ಕಿರಲಿಲ್ಲ. ಆದರೂ ಜ್ಞಾನಣ್ಣ ಹಳೆಯ ಜ್ಞಾನಣ್ಣನಾಗಲು ಒಪ್ಪಲಿಲ್ಲ. ಸುಮ್ಮನೆ ಮಿಷನ್ನಿಗೆ ಎಣ್ಣೆ ಬಿಡುತ್ತ ಕೂತಿರುತ್ತಿದ್ದ.

ಕೊನೆಗೆ ಗೋಡೆಯಾಚೆ ಮಾರ್ಥಮ್ಮನ ಮುಖ ಮತ್ತೆ ಮೂಡಿತು. ಕಣ್ಣು ಬಾತುಕೊಂಡಿತ್ತು. "ಕೊಡಮ್ಮ ಅದನ್ನ. ಆ ಮನುಷ್ಯ ಉಪವಾಸ ಬೀಳ್ತಾನೆ, ಹಳೇ ದಾರಿ ಹಿಡಿಯಲ್ಲ. ಹೊಸಬನೇ ಗಟ್ಟಿ ಅಂತ ಕಾಣ್ತದೆ" ಅಂದಳು.

ಸಂತೆಯ ದಿನ. ಅವಳು ಕೌದಿಯನ್ನು ಬೀದಿಗೆ ತಂದು, ಎರಡು ಕಂಬದ ನಡುವೆ ಹಗ್ಗ ಕಟ್ಟಿ, ಸುಡುಬಿಸಿಲಿನಲ್ಲಿ ಅಗಲಕ್ಕೆ ಹರವಿದಳು. ಪಕ್ಕದಲ್ಲಿ ಕತ್ತರಿ ಹಿಡಿದು ನಿಂತಳು. "ಬನ್ರಪ್ಪಾ, ನಿಮ್ಮ್ ನಿಮ್ಮದನ್ನ ಕತ್ತರಿಸ್ಕೊಂಡು ಹೋಗಿ!" ಜ್ಞಾನಣ್ಣ ಬಾಗಿಲ ಮರೆಯಲ್ಲಿ ಅವಿತಿದ್ದ.

ಸಂತೆಗೆ ಬಂದವರೆಲ್ಲ ಅಲ್ಲೇ ಸೇರಿದರು. "ಲೇ, ಇದು ನನ್ನ ಚಡ್ಡಿ ಕಣೋ!" ಎಂದೊಬ್ಬ. "ಇದು ನಮ್ಮ ನಾಮಕರಣದ್ದು!" ಎಂದೊಬ್ಬಳು. ಒಂದೇ ನೀಲಿ ಗೆರೆಯ ತುಂಡಿಗೆ ಇಬ್ಬರು ಜಗಳ ತೆಗೆದರು. ಅಮಲ್ದಾರರ ಜವಾನ ಕರೀ ಕೋಟಿನ ತುಂಡಿಗೆ ಅಭ್ಯಾಸಬಲದಿಂದ ಸಲಾಂ ಹೊಡೆದ. ಕೂಗಾಡಲು ಬಂದಿದ್ದ ಶೆಟ್ಟರ ಮನೆಯಾಕೆ ತನ್ನ ಸೊಸೆಯ ಹೂವಿನ ಬಟ್ಟೆ ಹುಡುಕುತ್ತ, ಮೂಲೆಯ ಬಿಳಿ ತುಂಡೊಂದರ ಮುಂದೆ ಗಕ್ಕನೆ ನಿಂತಳು. ತೀರಿಹೋದ ಗಂಡನ ಕೊನೆಯ ಜುಬ್ಬದ್ದು. ಅದರ ಮೇಲೆ ಕೈಯಾಡಿಸಿದಳು, ಕೈ ಹಿಂದಕ್ಕೆ ತೆಗೆಯಲೇ ಇಲ್ಲ.

ಮಾರ್ಥಮ್ಮ ಕತ್ತರಿ ಚಾಚಿದಳು.

"ಬ್ಯಾಡ ಕಣೇ" ಅಂದಳು ಆಕೆ. "ಜುಬ್ಬ ಯಾವತ್ತೋ ಹರಿದು ಹೋಯ್ತು. ಇದೊಂದಾದ್ರೂ ಉಳೀತಲ್ಲ. ಇಲ್ಲೇ ಇರ್ಲಿ. ಆಗಾಗ ಬಂದು ನೋಡ್ಕೊಂಡು ಹೋಗ್ತೀನಿ. ಇನ್ಮೇಲೆ ಮಾತ್ರ ಬಿಸಿಲಿಗೆ ಹಾಕು, ಮುಗ್ಗಲು ವಾಸ್ನೆ."

ಆಮೇಲೆ ಯಾರು ತಾನೇ ಕತ್ತರಿ ಮುಟ್ಟುತ್ತಾರೆ? ಜ್ಞಾನಣ್ಣ ಬಾಗಿಲ ಮರೆಯಿಂದ ಹೊರಬಂದು, ಮರದಿಂದ ಇಳಿದವನ ಹಾಗೆ ಬೀದಿಯ ನಡುವೆ ನಿಂತು ಗೊಳೋ ಎಂದು ಅತ್ತ. ನಾನೂ ಅತ್ತೆ. ನಮ್ಮವರು ಮಾತ್ರ ಕೌದಿಯಲ್ಲಿ ತಮ್ಮ ಜೇಬುಗಳನ್ನು ಎಣಿಸುತ್ತಿದ್ದರು.

ಕ್ಷಮೆ ಸಿಕ್ಕಿತೆಂದು ಅವನು ಸುಮ್ಮನಾಗಲಿಲ್ಲ. ನಾಲ್ಕರಷ್ಟು ಎಂದರೆ ನಾಲ್ಕರಷ್ಟೇ. ಮರುದಿನದಿಂದ ತರೀಕೆರೆಯ ಯಾವ ಗಂಡಸು ಅಂಗಿ ಹೊಲಿಸಿದರೂ, ತನ್ನ ಸ್ವಂತ ಬಟ್ಟೆ ಹಾಕಿ ನಾಲ್ಕು ಜೇಬು ಇಟ್ಟ! ಎದೆಗೆ ಎರಡು, ಹೊಟ್ಟೆಗೆ ಎರಡು. ಬೇಡವೆಂದರೂ ಕೇಳ. ಕಡೂರಿನ ಬಸ್ಸಿನಲ್ಲಿ ಕಂಡಕ್ಟರ್ ಅಂಗಿ ನೋಡಿಯೇ "ತರೀಕೆರೆಯೋರಾ?" ಅನ್ನುತ್ತಿದ್ದ. ನಮ್ಮವರು ಒಂದರಲ್ಲಿ ಪೆನ್ನು, ಒಂದರಲ್ಲಿ ಸೀಮೆಸುಣ್ಣ, ಒಂದರಲ್ಲಿ ನಶ್ಯದ ಡಬ್ಬಿ ಇಟ್ಟುಕೊಂಡು, ನಾಲ್ಕನೆಯದರಲ್ಲಿ ಏನಿಡುವುದೆಂದು ತಿಳಿಯದೆ ಸಾಯುವ ತನಕ ಅದನ್ನು ಖಾಲಿಯಾಗಿಯೇ ತಟ್ಟಿಕೊಳ್ಳುತ್ತಿದ್ದರು.

ಉಪದೇಶಿಗಳು ಮುಂದಿನ ಸಲ ಬಂದಾಗ ಜ್ಞಾನಣ್ಣನ ಮನೆಯಲ್ಲೇ ಇಳಿದುಕೊಂಡರು. ಹೊದೆಯಲು ಬಿಸಿಲಿನ ವಾಸನೆಯ ಕೌದಿ. ಎಷ್ಟು ಬೆಚ್ಚಗಿತ್ತೆಂದರೆ, ಬೆಳಗಿನ ಪ್ರಾರ್ಥನೆಗೆ ಅವರನ್ನು ಜ್ಞಾನಣ್ಣನೇ ಎಬ್ಬಿಸಬೇಕಾಯಿತಂತೆ. ನಾನು ಅವರ ಮತದವಳಲ್ಲ. ನನ್ನ ದೇವರಿಗೆ ನಾನು ದೀಪ ಹಚ್ಚಿಕೊಂಡು ಬಂದವಳು. ಆದರೆ ಮನುಷ್ಯ ಇದ್ದ ಮನೆಯಲ್ಲೇ, ಇದ್ದ ಹೆಂಡತಿಯ ಜೊತೆಗೇ ಮತ್ತೊಮ್ಮೆ ಹುಟ್ಟಬಹುದು ಎಂಬುದನ್ನು ಗೋಡೆಯಾಚೆಗೆ ಕಣ್ಣಾರೆ ಕಂಡಿದ್ದೇನೆ.

ಅಂಗಡಿಯ ಹುಡುಗಿ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕವರಿನಿಂದ ಹಸಿರು ಚೂರನ್ನು ತೆಗೆದು ಅವಳ ಅಂಗೈಗೆ ಇಟ್ಟೆ.

"ಇದು ನೀನೇ ಇಟ್ಕೊಳ್ಳೇ. ಎಲ್ಲರ ಹತ್ರ ಕೇಳಿ ಇಸ್ಕೊಂಡ ಚೂರನ್ನೆಲ್ಲ ಸೇರಿಸಿ ಕೌದಿ ಹೊಲಿ" ಅಂದೆ.

"ಕೌದೀನಾ? ಅಜ್ಜೀ, ಯಾರಾದ್ರೂ ನೋಡಿ ತಮ್ದು ಅಂತ ಗುರುತು ಹಿಡಿದ್ರೆ?"

"ಹಿಡೀಲಿ ಬಿಡೇ. ಅದಕ್ಕೇ ಹೇಳ್ತಿರೋದು, ಬೀದೀಲಿ ಒಣಹಾಕು."