ಅಕ್ಕನಿಗೆ ಇಷ್ಟವಾದ ಸಂಗೀತ

ನಮ್ಮ ಭಾವ ಮೂವತ್ತು ವರ್ಷ ಸಿನಿಮಾಗಳ ಹಿನ್ನೆಲೆ ಸಂಗೀತಕ್ಕೆ ಚೆಲ್ಲೊ ನುಡಿಸಿದವರು. ಮಂಡಿಗಳ ನಡುವೆ ಇಟ್ಟುಕೊಂಡು ನುಡಿಸುವ, ವಯಲಿನ್ನಿನ ದೊಡ್ಡಣ್ಣ ಅದು. ಆದರೂ ಸಿನಿಮಾ ಸಂಗೀತವೆಂದರೆ ಮೂಗು ಮುರಿಯುತ್ತಿದ್ದರು. "ಅದು ಹೊಟ್ಟೆಪಾಡು ಕಣಮ್ಮ, ಸಂಗೀತ ಅಂದ್ರೆ ಇದು" ಎಂದು ಮನೆಯಲ್ಲಿ ಹೊಸಕಾಲದ ಪಾಶ್ಚಾತ್ಯ ಶಾಸ್ತ್ರೀಯ ರಚನೆಗಳನ್ನು ಹಾಕುತ್ತಿದ್ದರು. ತಂತಿ ಕೆರೆದ ಸದ್ದು, ಎರಡು ನಿಮಿಷ ಮೌನ, ಮತ್ತೆ ಕೆರೆತ. ನನಗಂತೂ ತಲೆ ಚಿಟ್ಟು ಹಿಡಿಯುತ್ತಿತ್ತು. ಅಕ್ಕ ಮಾತ್ರ ತನ್ನ ಪಾಡಿಗೆ ಬಟ್ಟೆ ಮಡಚುತ್ತಿದ್ದಳು.

ಮೆದುಳಿನಲ್ಲಿ ರಕ್ತಸ್ರಾವವಾಗಿ ಅಕ್ಕ ಪ್ರಜ್ಞೆ ತಪ್ಪಿದಳು. ಹತ್ತು ದಿನವಾದರೂ ಕಣ್ಣು ಬಿಡಲಿಲ್ಲ. "ಅವರಿಗೆ ಇಷ್ಟವಾದ ಸಂಗೀತ ಕೇಳಿಸಿ ನೋಡಿ, ಕೆಲವರು ಸ್ಪಂದಿಸ್ತಾರೆ" ಎಂದರು ಡಾಕ್ಟರು. ಭಾವ ಒಂದು ವಾರ ಅವಳ ಕಿವಿಯ ಪಕ್ಕ ತಮ್ಮ ಮೆಚ್ಚಿನ ಆ ರಚನೆಗಳನ್ನೇ ಹಾಕಿದರು. ರೆಪ್ಪೆ ಕೂಡ ಅಲುಗಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಭಾವ, ಇದು ನಿಮಗಿಷ್ಟ, ಅವಳಿಗಲ್ಲ. ನೀವು ಆಚೆ ಹೋದ ತಕ್ಷಣ ಆರಿಸ್ತಿದ್ಲು."

ಅವರು ಸಂಗೀತ ಆರಿಸಿದರು. "ಮತ್ತೆ ಅವಳಿಗೇನಿಷ್ಟ?"

ಇಷ್ಟು ವರ್ಷ ಸಂಸಾರ ಮಾಡಿದವರು ನನ್ನನ್ನು ಕೇಳುತ್ತಿದ್ದಾರೆ! ಸಿಟ್ಟು ನೆತ್ತಿಗೇರಿ ಎಲ್ಲ ಹೇಳಿಬಿಟ್ಟೆ. ಅವರ ಮದುವೆಯ ವರ್ಷ ಬಂದ ಒಂದು ಸಿನಿಮಾ. ನಾಯಕಿ ನದಿ ದಾಟುವಾಗಿನ ಹಿನ್ನೆಲೆ ಸಂಗೀತಕ್ಕಾಗಿಯೇ ಅಕ್ಕ ನನ್ನನ್ನೂ ಎಳೆದುಕೊಂಡು ಐದು ಸಲ ನೋಡಿದ್ದಳು. ಆ ಜಾಗ ಬಂದರೆ ಮೊಣಕೈಯಿಂದ ತಿವಿದು, "ಕೇಳೇ, ಕೆಳಗೆ ಗುಂಯ್ ಅಂತಿದ್ಯಲ್ಲ, ಅದು ನಿಮ್ಮ ಭಾವ" ಎನ್ನುತ್ತಿದ್ದಳು. ಆ ರಾಗವನ್ನು ಮೊನ್ನೆಮೊನ್ನೆಯವರೆಗೂ ಅಡುಗೆಮನೆಯಲ್ಲಿ ಗುನುಗುತ್ತಿದ್ದಳು. ಇವರ ಕಿವಿಗೆ ಬಿದ್ದಿದ್ದರೂ ಮನಸ್ಸಿಗೆ ಬಿದ್ದಿರಲಿಲ್ಲ.

ಆ ಸಿನಿಮಾದ ಪ್ರತಿ ಎಲ್ಲೂ ಸಿಗಲಿಲ್ಲ. ನಾನು ಗುನುಗಲು ಹೋದರೆ ಎರಡನೇ ಸಾಲಿಗೇ ದಾರಿ ತಪ್ಪುತ್ತಿತ್ತು.

"ನೀವೇ ನುಡಿಸಿದ್ದಲ್ವಾ ಭಾವ?"

"ನಮ್ಮ ಚೆಲ್ಲೊ ಪಾಲು ಬೇರೆಯಾಗೇ ರೆಕಾರ್ಡ್ ಮಾಡ್ಕೊಂಡ್ರು, ಮೇಲಿನ ರಾಗ ಆಗ ಕೇಳಿಸ್ಲಿಲ್ಲ. ಸಿನಿಮಾ ನಾನು ನೋಡ್ಲೇ ಇಲ್ಲ" ಎಂದು ತಲೆ ಚಚ್ಚಿಕೊಂಡರು.

ಮರುದಿನ ಮಧ್ಯಾಹ್ನ ಚೆಲ್ಲೊವನ್ನೇ ಆಸ್ಪತ್ರೆಗೆ ಹೊತ್ತು ತಂದರು. ತಾವು ನುಡಿಸಿದ ಭಾಗದ ಹಳೆಯ ಸ್ವರಪತ್ರ ನೋಡಿಕೊಂಡು ನುಡಿಸಿದರು: ನಾಲ್ಕು ದಪ್ಪ ಸ್ವರ, ಮತ್ತೆ ಅವೇ ನಾಲ್ಕು. ಅಕ್ಕ ಮಿಸುಕಲಿಲ್ಲ. ಅವರು ಮತ್ತೆ ಮೊದಲಿಂದ ನುಡಿಸಿದರು. ನೋಡಲಾಗದೆ ನಾನು ಗೋಡೆಯ ಕಡೆ ತಿರುಗಿದೆ.

ಕೊನೆಗೆ ಅವಳ ಕಿವಿಗೆ ಬಾಗಿ ಗೋಗರೆದರು. "ನಂಗೆ ಕೆಳಗಿನ ಸ್ವರ ಅಷ್ಟೇ ಗೊತ್ತು ಕಣೇ. ಮೇಲಿನ ರಾಗ ನಿಂಗೊಬ್ಬಳಿಗೇ ಗೊತ್ತು. ಒಂದೇ ಒಂದ್ಸಲ ಗುನುಗೇ."