ಆರಲು ಬಿಡದ ಚಿನ್ನ

ಶಿಂಚು ನಗರದ ವಿಶ್ವವಿದ್ಯಾಲಯವೊಂದರ ನೆಲಮಾಳಿಗೆಯಲ್ಲಿ ಅಣುಗಳನ್ನೇ ಪರದೆಯ ಮೇಲೆ ತೋರಿಸುವ ಯಂತ್ರವಿದೆ. ಅದನ್ನು ನೋಡಿಕೊಳ್ಳುವವಳು ಬಿ-ಶಿಯಾ. ಯಂತ್ರ ಮುನಿಯದಿರಲೆಂದು, ಅಲ್ಲಿನ ರೂಢಿಯಂತೆ, ಅದರ ನೆತ್ತಿಯ ಮೇಲೆ ಕುರುಕಲಿನ ಹಸಿರು ಪೊಟ್ಟಣ ಇಡುವುದೂ, ತಾರೀಖು ಮೀರುವ ಮುಂಚೆ ಬದಲಿಸುವುದೂ ಅವಳದೇ ಕೆಲಸ. ಹಳದಿ ಪೊಟ್ಟಣ ಇಟ್ಟರೆ ಯಂತ್ರ ಹಟ ಹಿಡಿಯುತ್ತದೆಂದು ದೊಡ್ಡ ದೊಡ್ಡ ವಿಜ್ಞಾನಿಗಳೂ ನಂಬುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಆ ಶನಿವಾರ ಕುವಾನ್-ರು ಎಂಬ ಸಂಶೋಧನಾ ವಿದ್ಯಾರ್ಥಿನಿಯ ಸರದಿ. ಅವಳೇ ತಯಾರಿಸಿದ ಪುಡಿಯ ಅಣುಗಳನ್ನು ಬಿ-ಶಿಯಾ ಯಂತ್ರದೊಳಗಿನ ಚಿನ್ನದ ತುಣುಕಿನ ಮೇಲೆ ಕೂರಿಸಬೇಕಿತ್ತು. ಚಿನ್ನ ಬಿಸಿಯಿರುವಾಗ ಅಣುಗಳು ಅಲೆದಾಡುತ್ತವೆ. ನಿಧಾನವಾಗಿ ಆರಲು ಬಿಟ್ಟರೆ ಊಟದ ಪಂಕ್ತಿಯಂತೆ ಸಾಲಾಗಿ ಕೂರುತ್ತವೆ. ತಟಕ್ಕನೆ ತಣಿಸಿದರೆ ಎಲ್ಲಿದ್ದವೋ ಅಲ್ಲೇ ಸಿಕ್ಕಿಬೀಳುತ್ತವೆ. ಇದು ಬಿ-ಶಿಯಾಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಾದಿನಿಯ ಮಗಳ ಮದುವೆ ಊಟಕ್ಕೆ ಹೊತ್ತಾಗಿತ್ತು. ಕೆಳಗೆ ಗಂಡ ಸ್ಕೂಟರ್ ನಿಲ್ಲಿಸಿಕೊಂಡು ಫೋನ್ ಮೇಲೆ ಫೋನ್ ಮಾಡುತ್ತಿದ್ದ. ಶಾಖವನ್ನು ಇಷ್ಟಿಷ್ಟೇ ಇಳಿಸುವ ಬದಲು ಒಮ್ಮೆಲೇ ಬಂದ್ ಮಾಡಿ ಹೊರಟುಬಿಟ್ಟಳು.

ಸೋಮವಾರ ಪರದೆಯ ಮೇಲೆ ಬರೀ ಗೋಜಲು.

"ಅಕ್ಕಾ, ಪೊಟ್ಟಣದ ತಾರೀಖು ಮುಗಿದಿದೆ ನೋಡಿ. ಅದಕ್ಕೇ ಮುನಿಸ್ಕೊಂಡಿದೆ ನಿಮ್ ಯಂತ್ರ," ಎಂದು ಕುವಾನ್-ರು ನಕ್ಕಳು.

"ಹೂಂ ಕಣೇ, ಮರೆತೇಬಿಟ್ಟಿದ್ದೆ," ಎಂದಳು ಬಿ-ಶಿಯಾ. ನಿಜ ಹೇಳಲು ಅದೇ ಹೊತ್ತಾಗಿತ್ತು. ಹೇಳದೆ, ಸಿಕ್ಕ ನೆಪಕ್ಕೆ ಜೋತುಬಿದ್ದಳು.

ಕುವಾನ್-ರುವಿನ ಮಾರ್ಗದರ್ಶಕರಾದ ಪ್ರೊಫೆಸರ್ ಮಾತ್ರ ನಗಲಿಲ್ಲ. "ಪುಡೀಲಿ ಕೊಳೆ ಇದೆ. ಮಾಡೋರ ಕೈ ಶುದ್ಧ ಇರ್ಬೇಕಮ್ಮ," ಎಂದುಬಿಟ್ಟರು. ಯಂತ್ರದ ಸರದಿ ಬೇರೆಯವರ ಪಾಲಾಯಿತು, ಕುವಾನ್-ರುವಿನ ಪದವಿ ಮುಂದಿನ ವರ್ಷಕ್ಕೆ ಹೋಯಿತು. ಚಳಿಗಾಲವಿಡೀ ಅವಳು ಪುಡಿಯನ್ನು ಮತ್ತೆ ಮತ್ತೆ ಶುದ್ಧಿ ಮಾಡುತ್ತಾ ಮೂಲೆಯಲ್ಲಿ ಕೂತಿರುತ್ತಿದ್ದಳು. ಒಂದು ಮದುವೆ ಊಟಕ್ಕಾಗಿ ಇನ್ನೊಬ್ಬರ ಮಗಳ ಹೆಸರು ಕೆಡಿಸಿದೆನಲ್ಲ ಎಂದು ಬಿ-ಶಿಯಾಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಕುವಾನ್-ರುವಿನ ಸರದಿ ಮತ್ತೆ ಬಂದಾಗ ಬಿ-ಶಿಯಾ ಹೊಸ ಪುಡಿಯನ್ನು ಮುಟ್ಟಲಿಲ್ಲ. ಯಂತ್ರದೊಳಗೆ ಉಳಿದಿದ್ದ ಹಳೆಯದನ್ನೇ ಅವಳಿಗೆ ಹೇಳದೆ ಬಳಸಿ, ಪಕ್ಕದಲ್ಲೇ ಕೂತು ಶಾಖವನ್ನು ನಿಧಾನವಾಗಿ ಇಳಿಸಿದಳು. ಪರದೆಯ ಮೇಲೆ ಅಣುಗಳು ಸಾಲು ಸಾಲಾಗಿ ಮೂಡಿದವು.

ಕುವಾನ್-ರು ಕಣ್ಣೊರೆಸಿಕೊಂಡಳು. "ಸರ್ ಹೇಳಿದ್ದೇ ಸರಿ ಅಕ್ಕಾ. ಹಳೇ ಪುಡೀಲಿ ಕೊಳೆ ಇತ್ತು, ನನ್ ಕೈಯೇ ಸರಿಯಿರ್ಲಿಲ್ಲ. ಇನ್ಮೇಲೆ ನನ್ನನ್ನ ನಾನೇ ನಂಬಲ್ಲ."

ಬಿ-ಶಿಯಾಗೆ ತಡೆಯಲಾಗಲಿಲ್ಲ. "ಅದು ನಿನ್ ಹಳೇ ಪುಡೀನೇ ಕಣೇ. ಅವತ್ತು ಊಟಕ್ಕೆ ಹೊತ್ತಾಯ್ತು ಅಂತ ನಾನೇ ಶಾಖ ಒಮ್ಮೆಲೇ ಬಂದ್ ಮಾಡ್ದೆ. ತಪ್ಪು ನಂದು."

ಹುಡುಗಿ ಬೈಯಲಿ, ಅಳಲಿ, ಕೊನೆಗೆ ಹೋಗಲಿ ಬಿಡಿ ಅನ್ನಲಿ ಎಂದು ಕಾದಳು.

ಕುವಾನ್-ರು ಪರದೆಯಿಂದ ಮುಖ ತಿರುಗಿಸಿದಳು. "ಇದನ್ನ ನಂಗ್ಯಾಕೆ ಹೇಳ್ತೀರಾ? ನನ್ ಪುಡೀಲಿ ಕೊಳೆ ಇದೆ ಅಂದೋರು ಸರ್. ಒಳಗೇ ಇದಾರೆ, ಹೋಗಿ ಅಲ್ಲಿ ಹೇಳಿ."

ಬಿ-ಶಿಯಾ ಎದ್ದು ಹೋಗಿ ಪ್ರೊಫೆಸರರ ಬಾಗಿಲು ತಟ್ಟಿದಳು. ಕುವಾನ್-ರು ಹಿಂದೆಯೇ ಬಂದು, ಒಂದಕ್ಷರವೂ ತಪ್ಪದ ಹಾಗೆ ಕೇಳಿಸಿಕೊಳ್ಳಲು, ಪಕ್ಕದಲ್ಲಿ ನಿಂತಳು.