ಹೊಳೆ ಎಲ್ಲಿತನಕ ಬಂದಿತ್ತು?

ನಮ್ಮ ಟೀಚರ್ ನಗುವಾಗ ಮೊದಲು ಭುಜಗಳು ಕುಣಿಯುತ್ತವೆ. ಸದ್ದು ಆಮೇಲೆ ಬರುತ್ತದೆ. ಅಷ್ಟರಲ್ಲಿ ಎದುರಿಗಿದ್ದವರು ತಮ್ಮ ಮಾತಿನಲ್ಲಿ ಎಲ್ಲಿ ತೂತು ಬಿತ್ತೆಂದು ಹುಡುಕತೊಡಗಿರುತ್ತಾರೆ. ಕಂಪ್ಲಿಯ ಹೈಸ್ಕೂಲಿನಲ್ಲಿ ನನ್ನನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದವರು ಅವರೇ. ಇನ್ನೇನು ಗೆದ್ದೆವು ಅನ್ನುವಾಗ ಡಸ್ಟರಿನಿಂದ ಮೇಜು ಕುಟ್ಟಿ "ಬದ್ಲಿ!" ಎನ್ನುತ್ತಿದ್ದರು. ಅಲ್ಲಿಂದ ಮುಂದೆ ನಮ್ಮ ವಾದವನ್ನು ನಾವೇ ಮುರಿಯಬೇಕು. ನಾನು ಇವತ್ತಿಗೂ ಯಾರ ಮಾತನ್ನೂ ಸುಲಭಕ್ಕೆ ನಂಬುವುದಿಲ್ಲ, ನನ್ನದನ್ನಂತೂ ಇನ್ನೂ ಕಡಿಮೆ. ಅದು ಅವರ ಕೈಕೆಲಸ.

ಅವರು ಬೆಳೆದದ್ದು ದೋಣಿಮಲೈ ಗಣಿಯ ಕ್ವಾರ್ಟರ್ಸಿನಲ್ಲಿ. ಆಮೇಲೆಲ್ಲ ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯಲು ಯಾರ ಅಪ್ಪಣೆಯೂ ಬೇಕಿಲ್ಲದ ಒಂದು ಮನೆ, ಅಷ್ಟೇ ಅವರ ಆಸೆ. ನಿವೃತ್ತಿಯ ಹೊತ್ತಿಗೆ ಕಂಪ್ಲಿಯಲ್ಲಿ ಹೊಳೆಯ ಕಡೆಗಿನ ಓಣಿಯ ತುದಿಗೆ ಜಾಗ ಕೊಂಡರು. ಕಟ್ಟಲು ಪುರಸಭೆಯ ಎಂಜಿನಿಯರ್ ಪರವಾನಗಿ ಕೊಡಲಿಲ್ಲ. ಡ್ಯಾಮಿನ ಗೇಟು ತೆರೆದರೆ ಅಲ್ಲಿಗೆ ನೀರು ಬರುತ್ತದಂತೆ. ಎಲ್ಲಿತನಕ ಬರುತ್ತದೆ? ಗುರುತಿಲ್ಲ. ಗುರುತಿಲ್ಲವಾದ್ದರಿಂದ ಇಡೀ ಓಣಿಯಲ್ಲೇ ಹೊಸ ಮನೆ ಬೇಡ!

ಕಚೇರಿಯನ್ನು ಮಾತಿನಲ್ಲೇ ಹರಿದುಹಾಕುವ ಹುಮ್ಮಸ್ಸಿನಲ್ಲಿ ನಾನು ಹೊಸಪೇಟೆಯಿಂದ ಬಂದಿಳಿದೆ.

"ಮೊದ್ಲು ನೀ ಆ ಎಂಜಿನಿಯರ್ ಆಗಿ ಮಾತಾಡಲೇ," ಅಂದರು ಟೀಚರ್. "ನನ್ನನ್ನ ಸೋಲ್ಸು."

"ನೀರು ಎಲ್ಲಿತನಕ ಬರ್ತದಂತ ನಿಮಗ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ದ ನೀರಿಗೆ ನಾ ಯಾಕ ಸಹಿ ಮಾಡ್ಲಿ?" ಅಂದೆ ಎಂಜಿನಿಯರ್ ಗತ್ತಿನಲ್ಲಿ.

ಭುಜಗಳು ಕುಣಿದವು. "ಮಸ್ತ್! ಹಂಗಾರ ಗೊತ್ತ ಮಾಡ್ಕೊಳೋಣು, ನಡಿ."

ಮನೆಮನೆಗೆ ಹೋಗಿ ಕೇಳಿದೆವು. ಯಾರ ಮನೆಗೂ ನೀರು ಬಂದೇ ಇಲ್ಲ! ನೀರು ಇಳಿದ ಕೂಡಲೇ ಗೋಡೆಯ ಕಲೆಗೆ ಸುಣ್ಣ ಬಳಿಯುವುದು ಆ ಓಣಿಯ ರೂಢಿ. ದಸರೆಯ ಹೊತ್ತಿಗೆ ಹೊಳೆ ಬಂದುಹೋದ ಸುಳಿವೇ ಇರಬಾರದು. ಬಂದಿತ್ತೆಂದು ಒಪ್ಪಿದರೆ ಹೆಣ್ಣು ಕೊಡುವವರು ಹಿಂಜರಿಯುತ್ತಾರೆ, ಜಾಗ ಕೊಳ್ಳುವವರು ಓಡುತ್ತಾರೆ, ಪರವಾನಗಿ ತಪ್ಪುತ್ತದೆ ಎಂಬ ಹೆದರಿಕೆ. ಆದರೆ ಪರವಾನಗಿ ತಪ್ಪಿದ್ದೇ ಆ ಸುಣ್ಣದಿಂದ! ಇದು ಅರ್ಥವಾದಾಗ ನಾನು ನಡುಬೀದಿಯಲ್ಲಿ ಕೂಗಿಬಿಟ್ಟೆ. ಎಷ್ಟೋ ವೇದಿಕೆ ಹತ್ತಿದ್ದೇನೆ, ಇಷ್ಟು ಚೆಂದದ ತಪ್ಪು ತರ್ಕ ಎಲ್ಲೂ ಸಿಕ್ಕಿರಲಿಲ್ಲ.

ಮರುದಿನ ಸಂಜೆ ಟೀಚರ್ ಓಣಿಯವರನ್ನೆಲ್ಲ ಅಕ್ಕಿಗಿರಣಿ ಸಾಹುಕಾರರ ಮನೆಯ ಕಟ್ಟೆಗೆ ಸೇರಿಸಿದರು. ವಿಷಯ: ಈ ಓಣಿಗೆ ನೀರು ಬಂದಿತ್ತು. ಪರ, ನಾನು. ವಿರೋಧ, ಸಾಹುಕಾರರು.

"ಹನಿ ನೀರು ಬಂದಿಲ್ರಿ," ಸಾಹುಕಾರರು ಮೀಸೆ ತೀಡಿದರು. "ಬೇಕಂದ್ರ ನಮ್ಮ ಗೋಡಿ ನೋಡ್ರಿ, ಹಾಲಿನಂಗ ಐತಿ."

ಒಳಗಿನಿಂದ ಅವರ ತಾಯಿ ಕೂಗಿದರು: "ಏನ್ ಸುಳ್ಳು ಹೇಳ್ತೀಯಲೇ! ಅಕ್ಕಿಚೀಲ ಅಟ್ಟಕ್ಕ ಏರ್ಸಿ, ನನ್ನನ್ನೂ ಚೀಲದಂಗ ಹೊತ್ತು ಒಗದಿದ್ದಿ. ಕಿಟಕಿತನಕ ಇತ್ತು ನೀರು!"

"ಯವ್ವಾ, ನೀ ಯಾರ ಕಡೀಕಿ?"

"ಒಣಾ ನೆಲದ ಕಡೀಕಿ!"

ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡರು. ಮೇಜಿಲ್ಲದ್ದಕ್ಕೆ ಟೀಚರ್ ಕಂಬವನ್ನೇ ಕುಟ್ಟಿದರು: "ಬದ್ಲಿ! ಈಗ ಸಾಹುಕಾರ್ರು ಪರ ಮಾತಾಡ್ತಾರ." ಮಾತಾಡಿದರು ನೋಡಿ ಅವರು! ತೇಲಿಹೋದ ಮಂಚ, ದೇವರಗೂಡಿನಲ್ಲಿ ಠೀವಿಯಿಂದ ಕೂತ ಕಪ್ಪೆ... ನನಗಿಂತ ಚೆನ್ನಾಗಿ ವಾದಿಸಿದರು. ಆಮೇಲೆ ಎಲ್ಲರಿಗೂ ಬಾಯಿ ಬಂತು. ಅಲ್ಲೇ ಕೆಮ್ಮಣ್ಣು ಕಲೆಸಿದೆವು. ಯಾರ ಮನೆಯಲ್ಲಿ ಎಲ್ಲಿತನಕ ಬಂದಿತ್ತೋ ಅಲ್ಲಿಗೆ ಗೆರೆ.

ಬ್ರಷ್ ಅದ್ದುವ ಮುಂಚೆ ನಾನು ಟೀಚರನ್ನು ಪಕ್ಕಕ್ಕೆ ಕರೆದೆ. ಇಡೀ ಓಣಿಯಲ್ಲಿ ತಗ್ಗಿನ ಜಾಗ ಅವರದೇ.

"ಖರೇ ಗೆರಿ ಎಳದ್ರ ಮೊದ್ಲು ಮುಳುಗೋದು ನಿಮ್ದರಿ. ಎಲ್ಲಾರಿಗೂ ಪರವಾನಗಿ ಸಿಕ್ಕು, ನಿಮಗೊಬ್ರಿಗೆ ಸಿಗಲಿಲ್ಲಂದ್ರ?"

"ಸಿಗದಿದ್ರ ಬ್ಯಾಡ. ಸುಳ್ಳು ಗೆರಿ ನಂಬಿ ನಾ ಹೆಂಗ ಮಲಗ್ಲಿ?" ಅಂದರು. ಬ್ರಷ್ ನನ್ನ ಕೈಯಲ್ಲೇ ಬಿಟ್ಟರು.

ಎಂಜಿನಿಯರ್ ಬಂದರು. ಒಬ್ಬೊಬ್ಬರು ಒಂದೊಂದು ನೆನಪಿನಿಂದ ತೋರಿಸಿದ ಗೆರೆಗಳು, ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡಿದರೆ ಹೆಚ್ಚುಕಡಿಮೆ ಒಂದೇ ಸಾಲು! ಗೆರೆಗಿಂತ ಮೇಲಕ್ಕೆ ಅಡಿಪಾಯ ಎತ್ತಿ ಕಟ್ಟಿಕೊಳ್ಳಿ ಎಂದು ಉಳಿದವರಿಗೆ ಹೇಳುತ್ತ ಬಂದ ಅವರು ಟೀಚರ ಜಾಗದಲ್ಲಿ ನಿಂತುಬಿಟ್ಟರು. ಪಕ್ಕದ ಗೋಡೆಯ ಗೆರೆ ಅವರ ತಲೆಯ ಮೇಲಿತ್ತು.

"ನೆಲದ ಮ್ಯಾಲ ಆಗಂಗಿಲ್ಲ ಮೇಡಂ," ಅಂದರು ಕೊನೆಗೆ. "ಎತ್ತರದ ಕಂಬ ನಿಲ್ಸಿ, ಕೆಳಗ ಖಾಲಿ ಬಿಟ್ರ ಕೊಡಬಹುದು. ಆದ್ರ ಮೆಟ್ಲು ಭಾಳ ಆಗ್ತಾವ. ಈ ವಯಸ್ಸಿನ್ಯಾಗ ಮೊಣಕಾಲು..."

"ಮೊಣಕಾಲಿನ ಜೋಡಿ ವಾದಾ ನಾ ಮಾಡ್ಕೋತೀನ್ರಿ. ನೀವು ಜಲ್ದಿ ಸಹಿ ಮಾಡ್ರಿ!"

ಮನೆ ಎದ್ದಿತು. ಕಳೆದ ಮಳೆಗಾಲದಲ್ಲಿ ಡ್ಯಾಮಿನ ಗೇಟುಗಳನ್ನು ತೆರೆದರೆಂದು ಕೇಳಿ ನಾನು ಕಂಪ್ಲಿಗೆ ಓಡಿದೆ. ಓಣಿಯ ಬಾಯಿಂದಾಚೆ ಬರೀ ಕೆಂಪು ನೀರು. ತುದಿಯಲ್ಲಿ ಟೀಚರ ಮನೆ ಕಂಬಗಳ ಮೇಲೆ ಒಣಗಿ ನಿಂತಿತ್ತು. ಮೇಲೆ ಸಾಹುಕಾರರು, ಅವರ ತಾಯಿ, ಅಕ್ಕಿಚೀಲ, ಅರ್ಧ ಓಣಿ. ಟೀಚರ್ ವರಾಂಡದ ಕಟಾಂಜನಕ್ಕೆ ಒರಗಿ ಕೂಗಿದರು: "ಗೆರಿ ಕಾಣ್ತದೇನಲೇ ಅಲ್ಲಿಂದ?"

ನೋಡಿದೆ. ಸಾಹುಕಾರರ ಗೋಡೆಯ ಮೇಲೆ ನಾನೇ ಎಳೆದಿದ್ದ ಗೆರೆ ಇರಲಿಲ್ಲ. ನೀರು ಅದನ್ನು ದಾಟಿ ಕಿಟಕಿಯ ಸರಳು ಹಿಡಿದಿತ್ತು.

"ಮುಳುಗೇತ್ರಿ ಟೀಚರ್! ನಮ್ಮ ಲೆಕ್ಕ ತಪ್ಪೇತಿ!"

ತಪ್ಪಿದೆ ಎಂಬ ಮಾತನ್ನು ಅಷ್ಟು ಗಟ್ಟಿಯಾಗಿ, ಊರಿಗೆಲ್ಲ ಕೇಳುವಂತೆ, ನಾಚಿಕೆಯಿಲ್ಲದೆ ಕೂಗಬಲ್ಲೆನಾದರೆ ಆ ಋಣ ಅವರದು.

"ಹಂಗಾರ ನೀ ವಾಪಸ್ ಹೋಗಬ್ಯಾಡ," ನೀರಿನ ಮೇಲಿಂದ ಉತ್ತರ ಬಂತು. "ನೀರು ಇಳೀಲಿ. ಯಾರೂ ಸುಣ್ಣ ಹಚ್ಚೋದ್ರೊಳಗ ಮ್ಯಾಲ ಇನ್ನೊಂದು ಎಳಿ!"